ಸಂಶೋಧನಾ ಜರ್ನಲ್‌ಗಳಲ್ಲಿ ಪ್ರಕಟಣೆಯ ನೀತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ಜರ್ನಲ್‌ಗೆ ಪೇಪರ್ ಕಳಿಸುವವರು, ಕಳಿಸಿ ಪೇಚಿಗೆ ಸಿಕ್ಕಿಕೊಂಡವರು, "ಈ ಪೇಪರ್ ರಿವ್ಯೂ ಮಾಡಿಕೊಡಿ" ಎಂಬ ಮೇಲ್ ಬಂದು ಏನು ಮಾಡುವುದೆಂದು ತೋಚದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿವು. ನಿಯಮ ಸ್ಪಷ್ಟವಾಗಿರುವ ಕಡೆ ನಿಯಮ ಹೇಳಿದ್ದೇನೆ, ಇಲ್ಲದ ಕಡೆ ನನ್ನ ಅಭಿಪ್ರಾಯ ಹೇಳಿದ್ದೇನೆ. ಓದುತ್ತಾ ಹೋದ ಹಾಗೆ ನಿಮಗೇ ಗೊತ್ತಾಗುತ್ತದೆ: ಇಲ್ಲಿ "ಮಾಡಬೇಡಿ" ಅನ್ನುವುದು ಕಡಿಮೆ, "ಹೇಳಿ ಮಾಡಿ" ಅನ್ನುವುದೇ ಜಾಸ್ತಿ.

ಈ ನಿಯಮಗಳನ್ನು ಮಾಡಿದವರು ಯಾರು? ಇವು ಕಾನೂನೇ?

ಬಹುಪಾಲು ಕಾನೂನಲ್ಲ, ಸಂಪಾದಕರು ಮತ್ತು ಪ್ರಕಾಶಕರು ತಮ್ಮತಮ್ಮೊಳಗೆ ಒಪ್ಪಿಕೊಂಡ ನಡಾವಳಿ. 1978ರಲ್ಲಿ ಕೆಲವು ವೈದ್ಯಕೀಯ ಜರ್ನಲ್‌ಗಳ ಸಂಪಾದಕರು ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ್ದರು. ಹಸ್ತಪ್ರತಿ ಯಾವ ರೂಪದಲ್ಲಿರಬೇಕು, ಆಧಾರಗ್ರಂಥಗಳ ಪಟ್ಟಿ ಹೇಗಿರಬೇಕು ಎಂಬಂಥ ಕಚೇರಿ ವಿಷಯಗಳೇ ಆಗಿನ ಮಾತು. ಆ ಗುಂಪು ಬೆಳೆದು ಅಂತಾರಾಷ್ಟ್ರೀಯ ವೈದ್ಯಕೀಯ ಜರ್ನಲ್ ಸಂಪಾದಕರ ಸಮಿತಿ, ಅಂದರೆ ಐಸಿಎಂಜೆಇ ಆಯಿತು. ಲೇಖಕ ಎಂದರೆ ಯಾರು ಎಂಬುದಕ್ಕೆ ಇವತ್ತು ಹೆಚ್ಚಿನವರು ನೋಡುವುದು ಅದರ ಶಿಫಾರಸನ್ನೇ.

1997ರಲ್ಲಿ ಬ್ರಿಟನ್ನಿನ ಕೆಲವು ಸಂಪಾದಕರು "ಅನುಮಾನದ ಪೇಪರ್ ಬಂದರೆ ಏನು ಮಾಡೋಣ" ಎಂದು ಚರ್ಚಿಸಲು ಸೇರಿದ್ದೇ ಕಮಿಟಿ ಆನ್ ಪಬ್ಲಿಕೇಶನ್ ಎಥಿಕ್ಸ್‌ಗೆ ಮೂಲ. ಎಲ್ಲರೂ ಕೋಪ್ ಅನ್ನುತ್ತಾರೆ. ಕೋಪ್ ಯಾರಿಗೂ ಶಿಕ್ಷೆ ಕೊಡುವುದಿಲ್ಲ. ಇಂಥ ದೂರು ಬಂದರೆ ಮೊದಲು ಯಾರಿಗೆ ಬರೆಯಬೇಕು, ಉತ್ತರ ಬರದಿದ್ದರೆ ಮುಂದೇನು ಎಂದು ಸಂಪಾದಕರಿಗೆ ಹಂತ ಹಂತವಾಗಿ ತೋರಿಸುವ ನಕ್ಷೆಗಳನ್ನು ಕೊಡುತ್ತದೆ. ತಪ್ಪಿತಸ್ಥರು ಯಾರೆಂದು ತನಿಖೆ ಮಾಡಬೇಕಾದ್ದು ಲೇಖಕರ ಸಂಸ್ಥೆ. ಜರ್ನಲ್‌ನ ಕೈಯಲ್ಲಿರುವುದು ಪ್ರಕಟವಾದ ದಾಖಲೆಯನ್ನು ಸರಿಯಾಗಿಡುವ ಅಧಿಕಾರ ಮಾತ್ರ. ಕೃತಿಸ್ವಾಮ್ಯ, ರೋಗಿಗಳ ಖಾಸಗಿತನ ಇತ್ಯಾದಿಗಳಲ್ಲಿ ಕಾನೂನೂ ಬರುತ್ತದೆ ಅನ್ನಿ.

ಪೇಪರ್‌ನಲ್ಲಿ ಲೇಖಕರೆಂದು ಯಾರ ಹೆಸರು ಹಾಕಬೇಕು?

ಐಸಿಎಂಜೆಇ ನಾಲ್ಕು ಷರತ್ತು ಹೇಳುತ್ತದೆ. ಅಧ್ಯಯನದ ಯೋಜನೆಯಲ್ಲೋ, ಡೇಟಾ ಸಂಗ್ರಹ ಅಥವಾ ವಿಶ್ಲೇಷಣೆಯಲ್ಲೋ ಗಣನೀಯ ಪಾಲಿರಬೇಕು. ಪೇಪರ್ ಬರೆದಿರಬೇಕು, ಇಲ್ಲವೇ ಅದರ ತಿರುಳನ್ನು ವಿಮರ್ಶಾತ್ಮಕವಾಗಿ ತಿದ್ದಿರಬೇಕು. ಅಂತಿಮ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ನಾಳೆ ಅದರ ಯಾವುದೇ ಭಾಗದ ಬಗ್ಗೆ ಪ್ರಶ್ನೆ ಬಂದರೂ ಉತ್ತರಿಸುವ ಹೊಣೆ ಹೊತ್ತಿರಬೇಕು. ಈ ನಾಲ್ಕರಲ್ಲಿ ಒಂದಿದ್ದರೆ ಸಾಲದು, ನಾಲ್ಕೂ ಬೇಕು. ಹಣ ಒದಗಿಸಿದವರು, ಉಪಕರಣ ಕೊಟ್ಟವರು, ಭಾಷೆ ತಿದ್ದಿದವರು ಕೃತಜ್ಞತೆಯ ಭಾಗಕ್ಕೆ ಹೋಗುತ್ತಾರೆ, ಅದೂ ಅವರನ್ನು ಕೇಳಿಕೊಂಡು.

ಇದನ್ನೇ ತಿರುಗಿಸಿ ಬಳಸುವವರೂ ಇದ್ದಾರೆ. ವರ್ಷಗಟ್ಟಲೆ ಡೇಟಾ ಕೂಡಿಸಿದ ಕಿರಿಯರಿಗೆ ಕರಡನ್ನೇ ತೋರಿಸದೆ, "ಬರವಣಿಗೆಯಲ್ಲಿ ನಿನ್ನ ಪಾಲಿಲ್ಲ, ಹಾಗಾಗಿ ನೀನು ಲೇಖಕನಲ್ಲ" ಎಂದುಬಿಡುವುದು. ಷರತ್ತುಗಳನ್ನು ಹೀಗೆ ಬಳಸಬಾರದೆಂದು ಐಸಿಎಂಜೆಇ ಸ್ಪಷ್ಟವಾಗಿ ಹೇಳಿದೆ. ಮೊದಲ ಷರತ್ತು ಪೂರೈಸಿದವರಿಗೆ ಉಳಿದ ಮೂರನ್ನು ಪೂರೈಸುವ ಅವಕಾಶ ಕೊಡಲೇಬೇಕು.

ಈಗ ಅನೇಕ ಜರ್ನಲ್‌ಗಳು ಕ್ರೆಡಿಟ್ ಎಂಬ 14 ಪಾತ್ರಗಳ ಪಟ್ಟಿ ಕೊಟ್ಟು, ಯಾರು ಯಾವುದನ್ನು ಮಾಡಿದರು ಎಂದು ತುಂಬಿಸಿಕೊಳ್ಳುತ್ತವೆ. ಅದನ್ನು ಕಾಟಾಚಾರಕ್ಕೆ ತುಂಬಬೇಡಿ, ಜಗಳವಾದಾಗ ಮೊದಲು ತೆಗೆದು ನೋಡುವುದು ಅದನ್ನೇ.

ಬೆಕ್ಕಿನ ಕಥೆ ಹೇಳದೆ ಮುಂದೆ ಹೋಗಲಾರೆ. 1975ರಲ್ಲಿ ಭೌತವಿಜ್ಞಾನಿ ಜ್ಯಾಕ್ ಹೆದರಿಂಗ್ಟನ್ ಒಬ್ಬರೇ ಬರೆದ ಪೇಪರ್‌ನಲ್ಲಿ ಉದ್ದಕ್ಕೂ "ನಾವು" ಎಂದು ಟೈಪ್ ಮಾಡಿದ್ದರು. ಒಬ್ಬರೇ ಲೇಖಕರಿದ್ದರೆ ಜರ್ನಲ್ ಅದನ್ನು ಒಪ್ಪುವುದಿಲ್ಲವೆಂದು ಗೊತ್ತಾದಾಗ, ಇಡೀ ಪೇಪರ್ ಮತ್ತೆ ಟೈಪ್ ಮಾಡುವ ಬದಲು ತಮ್ಮ ಬೆಕ್ಕನ್ನೇ ಎಫ್.ಡಿ.ಸಿ. ವಿಲ್ಲರ್ಡ್ ಎಂಬ ಹೆಸರಲ್ಲಿ ಸಹಲೇಖಕನಾಗಿ ಸೇರಿಸಿಬಿಟ್ಟರು. ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ ಅದು ಅಚ್ಚೂ ಆಯಿತು. ಇಂದಾಗಿದ್ದರೆ ಬೆಕ್ಕು ನಾಲ್ಕನೇ ಷರತ್ತಿನಲ್ಲಿ ನಪಾಸಾಗುತ್ತಿತ್ತು. ನಾಲ್ಕನೇ ಷರತ್ತಿನಲ್ಲಿ ನಪಾಸಾಗಬೇಕಾದ ಮನುಷ್ಯರ ಹೆಸರುಗಳು ಮಾತ್ರ ಈಗಲೂ ಬರುತ್ತಲೇ ಇವೆ.

ಪೇಪರ್ ಓದಿಯೂ ಇಲ್ಲದ ಹಿರಿಯರೊಬ್ಬರ ಹೆಸರು ಸೇರಿಸು ಎಂದು ಒತ್ತಾಯ ಬಂದರೆ?

ನಿಯಮದ ಪ್ರಕಾರ ಸೇರಿಸಬಾರದು. ಇದಕ್ಕೆ ಉಡುಗೊರೆ ಲೇಖಕತ್ವ ಅನ್ನುತ್ತಾರೆ. ಆದರೆ ಕೆಲಸ, ಪದವಿ, ಶಿಫಾರಸು ಪತ್ರ ಎಲ್ಲವೂ ಅವರ ಕೈಯಲ್ಲಿರುವಾಗ ಕಿರಿಯರು "ಆಗುವುದಿಲ್ಲ ಸರ್" ಎನ್ನುವುದು ಸುಲಭವಲ್ಲ ಎಂಬುದೂ ಗೊತ್ತು. ಹಾಗಾಗಿ ನಾನು ಹೇಳುವುದಿಷ್ಟು: ಕೆಲಸ ಶುರುವಾಗುವ ಮೊದಲೇ ಲೇಖಕರ ಪಟ್ಟಿಯ ಮಾತು ಎತ್ತಿ, ಮಾತಾಡಿದ್ದನ್ನು ಮೇಲ್‌ನಲ್ಲಿ ಬರೆದು ಎಲ್ಲರಿಗೂ ಕಳಿಸಿ. ಆಮೇಲೆ ಒತ್ತಾಯ ಬಂದರೆ ಜರ್ನಲ್‌ನ ನಿಯಮವನ್ನು ಮುಂದೆ ಮಾಡಿ. "ಯಾರು ಏನು ಮಾಡಿದರೆಂದು ಫಾರಂನಲ್ಲಿ ಕೇಳುತ್ತಿದ್ದಾರೆ, ತಮ್ಮ ಪಾಲು ಏನೆಂದು ಬರೆಯಲಿ ಸರ್?" ಎಂಬ ಪ್ರಶ್ನೆ ಕೆಲವು ಸಲ ಜಗಳವಿಲ್ಲದೆ ಕೆಲಸ ಮಾಡುತ್ತದೆ. ಅವರು ಆ ಹೊತ್ತಿಗಾದರೂ ಕರಡು ಓದಿ ನಿಜವಾಗಿ ತಿದ್ದಿಕೊಟ್ಟರೆ ಪೇಪರ್‌ಗೆ ಲಾಭವೇ.

ಓದದೆ ಹೆಸರು ಹಾಕಿಸಿಕೊಳ್ಳುವವರಿಗೂ ಒಂದು ಮಾತು. 2020ರ ಮೇ ತಿಂಗಳಲ್ಲಿ ದಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ, ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಕೊಟ್ಟರೆ ಅಪಾಯ ಎಂಬ ಪೇಪರ್ ಬಂತು. 671 ಆಸ್ಪತ್ರೆಗಳ ಸುಮಾರು 96,000 ರೋಗಿಗಳ ಡೇಟಾ ಎಂದು ಬರೆದಿತ್ತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದ ಆ ಭಾಗವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. ಡೇಟಾ ಇದ್ದದ್ದು ಸರ್ಜಿಸ್ಫಿಯರ್ ಎಂಬ ಕಂಪನಿಯ ಹತ್ತಿರ. ಸ್ವತಂತ್ರ ಪರಿಶೀಲನೆಗೆ ಮೂಲ ಡೇಟಾ ಕೇಳಿದಾಗ ಕಂಪನಿ ಕೊಡಲಿಲ್ಲ. ಎರಡೇ ವಾರದಲ್ಲಿ, ಜೂನ್ 4ರಂದು, ಕಂಪನಿಯ ಮುಖ್ಯಸ್ಥರನ್ನು ಬಿಟ್ಟು ಉಳಿದ ಲೇಖಕರು ಪೇಪರ್ ಹಿಂಪಡೆದರು. ಹೆಸರು ಹಾಕಿದ್ದ ಅವರ ಕೈಯಲ್ಲಿ ಆ ಡೇಟಾ ಇರಲಿಲ್ಲ.

ಹೆಸರುಗಳ ಕ್ರಮಕ್ಕೆ ನಿಯಮ ಇದೆಯೇ?

ಎಲ್ಲಕ್ಕೂ ಅನ್ವಯಿಸುವ ನಿಯಮ ಇಲ್ಲ. ಜೀವವಿಜ್ಞಾನದಲ್ಲಿ ಹೆಚ್ಚು ಕೆಲಸ ಮಾಡಿದವರು ಮೊದಲು, ಪ್ರಯೋಗಾಲಯದ ಹಿರಿಯರು ಕೊನೆಗೆ. ಗಣಿತದಲ್ಲಿ ಅಕಾರಾದಿ. ನಿಮ್ಮ ವಿಷಯದ ರೂಢಿ ನೋಡಿ, ಮೊದಲೇ ಒಪ್ಪಿಕೊಳ್ಳಿ. ಸಲ್ಲಿಸಿದ ಮೇಲೆ ಹೆಸರು ಸೇರಿಸುವುದು, ತೆಗೆಯುವುದು ಇದ್ದರೆ ಎಲ್ಲ ಲೇಖಕರ ಲಿಖಿತ ಒಪ್ಪಿಗೆ ಬೇಕಾಗುತ್ತದೆ.

ಸಾಫ್ಟ್‌ವೇರ್ ಹೋಲಿಕೆ ಶೇಕಡಾ ಎಷ್ಟರೊಳಗಿದ್ದರೆ ಕೃತಿಚೌರ್ಯ ಅಲ್ಲ?

ಇಂಥ ಒಂದು ಮಂತ್ರಸಂಖ್ಯೆ ಇಲ್ಲ. ಕೆಲವು ಸಂಸ್ಥೆಗಳು ಶೇ. 10, 15 ಎಂದು ಗೆರೆ ಎಳೆದಿರುತ್ತವೆ, ಅದು ಆಡಳಿತದ ಅನುಕೂಲಕ್ಕೆ. ಸಾಫ್ಟ್‌ವೇರ್ ಅಳೆಯುವುದು ಅಕ್ಷರಗಳ ಹೋಲಿಕೆಯನ್ನು ಮಾತ್ರ, ಕದ್ದದ್ದೋ ಅಲ್ಲವೋ ಎಂದು ಅದಕ್ಕೆ ತಿಳಿಯದು.

ವರದಿ ತೆರೆದು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಒಂದರಲ್ಲಿ ಶೇ. 26 ಇರುತ್ತದೆ. ಆದರೆ ಬಣ್ಣ ಹಚ್ಚಿದ ತುಣುಕುಗಳೆಲ್ಲ ಚೂರುಚೂರು: ವಿಧಾನದ ಭಾಗದಲ್ಲಿ ಎಲ್ಲರೂ ಬರೆಯುವ ನಾಲ್ಕೈದು ಪದಗಳ ಗುಂಪು, ಸಂಸ್ಥೆಯ ಹೆಸರು, ಕೊನೆಯ ಉಲ್ಲೇಖಪಟ್ಟಿ. ಇದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದಿಲ್ಲ. ಇನ್ನೊಂದರಲ್ಲಿ ಶೇ. 7 ಅಷ್ಟೇ. ಆದರೆ ಆ ಏಳೂ ಒಂದೇ ಬಣ್ಣದಲ್ಲಿ, ಒಂದೇ ಮೂಲದಿಂದ, ಚರ್ಚೆಯ ಭಾಗದ ಎರಡು ಪೂರ್ತಿ ಪ್ಯಾರಾಗಳಾಗಿ ಬಂದಿರುತ್ತವೆ. ಸಂಪಾದಕರು ಕುರ್ಚಿಯಲ್ಲಿ ಮುಂದಕ್ಕೆ ಬಾಗುವುದು ಇದನ್ನು ಕಂಡಾಗ.

ಇನ್ನೊಂದು ಭಾಷೆಯ ಲೇಖನವನ್ನು ಅನುವಾದಿಸಿ ತನ್ನದೆಂದು ಹಾಕಿದರೆ ಸಾಫ್ಟ್‌ವೇರ್‌ಗೆ ಸಿಗದೇ ಇರಬಹುದು, ಚೌರ್ಯ ಚೌರ್ಯವೇ. ಪದಗಳನ್ನು ಬದಲಿಸಿ ವಿಚಾರವನ್ನು ಹಾಗೇ ಎತ್ತಿಕೊಂಡು, ಉಲ್ಲೇಖ ಕೊಡದೆ ಬಿಟ್ಟರೂ ಅಷ್ಟೇ.

ನನ್ನದೇ ಹಳೆಯ ಪೇಪರ್‌ನ ಸಾಲುಗಳನ್ನು ನಾನೇ ಬಳಸಿದರೂ ತಪ್ಪೇ?

ವಿಧಾನದ ವಿವರಣೆಯಲ್ಲಿ ಒಂದಿಷ್ಟು ಮರುಬಳಕೆಯನ್ನು ಹೆಚ್ಚಿನ ಸಂಪಾದಕರು ಸಹಿಸುತ್ತಾರೆ. ಒಂದೇ ಉಪಕರಣವನ್ನು ಹತ್ತು ಪೇಪರ್‌ನಲ್ಲಿ ಹತ್ತು ರೀತಿ ವರ್ಣಿಸಿ ಎನ್ನುವುದರಲ್ಲಿ ಅರ್ಥವೂ ಇಲ್ಲ. ಹಳೆಯ ಪೇಪರನ್ನು ಉಲ್ಲೇಖಿಸಿ ಬರೆಯಿರಿ, ಮುಗಿಯಿತು. ಫಲಿತಾಂಶ ಮತ್ತು ಚರ್ಚೆ ಮಾತ್ರ ಹೊಸದಾಗಿರಬೇಕು. ಹಳೆಯ ಕೋಷ್ಟಕವನ್ನು ಹೊಸ ಶೋಧ ಎಂಬಂತೆ ಮತ್ತೆ ಹಾಕಿದರೆ ಓದುವವರಿಗೆ ಒಂದೇ ಪುರಾವೆ ಎರಡಾಗಿ ಕಾಣುತ್ತದೆ. ಮುಂದೆ ಯಾರಾದರೂ ಎಲ್ಲ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕುವಾಗ ಅದೇ ರೋಗಿಗಳನ್ನು ಎರಡು ಸಲ ಎಣಿಸಿಬಿಡುತ್ತಾರೆ.

ಒಂದು ಅಧ್ಯಯನವನ್ನು ನಾಲ್ಕು ತೆಳು ಪೇಪರ್‌ಗಳಾಗಿ ಹೆಚ್ಚುವುದರ ತೊಂದರೆಯೂ ಇದೇ. ಪ್ರಶ್ನೆಗಳು ನಿಜಕ್ಕೂ ಬೇರೆಬೇರೆಯಾಗಿದ್ದರೆ ಬೇರೆ ಪೇಪರ್ ಬರೆಯಿರಿ. ಆದರೆ ಉಳಿದವು ಇವೆ ಎಂದು ಪ್ರತಿಯೊಂದರಲ್ಲೂ ತಿಳಿಸಿ.

ಉತ್ತರ ಬರಲು ಆರು ತಿಂಗಳಾಗುತ್ತದೆ. ಒಟ್ಟಿಗೇ ಎರಡು ಜರ್ನಲ್‌ಗೆ ಕಳಿಸಬಹುದೇ?

ಬೇಡ. ಎರಡೂ ಕಡೆ ರಿವ್ಯೂವರ್‌ಗಳು, ಅಂದರೆ ಪ್ರಕಟಣೆಗೆ ಮುಂಚೆ ಪೇಪರ್ ಪರಿಶೀಲಿಸುವ ಅದೇ ವಿಷಯದ ತಜ್ಞರು, ಸಂಬಳವಿಲ್ಲದೆ ಓದುತ್ತಾರೆ. ನಿಮ್ಮ ವಿಷಯ ಬಲ್ಲವರು ನಾಲ್ಕೇ ಜನ ಇರುವುದರಿಂದ ಎರಡೂ ಜರ್ನಲ್ ಒಬ್ಬರಿಗೇ ಕಳಿಸುವುದೂ ಉಂಟು. ಸಿಕ್ಕಿಬೀಳುವುದು ಬಹಳ ಸಲ ಹಾಗೆಯೇ. ತಡ ತಾಳಲಾಗದಿದ್ದರೆ ವಿಚಾರಿಸಿ ಬರೆಯಿರಿ, ಅದಕ್ಕೂ ಉತ್ತರ ಬರದಿದ್ದರೆ ಲಿಖಿತವಾಗಿ ಹಿಂತೆಗೆದುಕೊಂಡು, ಅದು ಖಚಿತವಾದ ಮೇಲೆ ಬೇರೆ ಕಡೆ ಕಳಿಸಿ.

ರಿವ್ಯೂಗೆ ಮುಂಚಿನ ಪ್ರತಿಯನ್ನು (ಪ್ರಿಪ್ರಿಂಟ್) ಎಲ್ಲರೂ ಓದಲೆಂದು ಅರ್ಕೈವ್‌ನಂಥ ತಾಣಕ್ಕೆ ಹಾಕುವುದು ಬೇರೆ ವಿಷಯ. ಇಂದು ಬಹುಪಾಲು ಜರ್ನಲ್‌ಗಳು ಅದನ್ನು ಒಪ್ಪುತ್ತವೆ. ಸಲ್ಲಿಸುವಾಗ ಕೊಂಡಿ ಕೊಟ್ಟರಾಯಿತು.

ಚಿತ್ರಗಳನ್ನು ಸ್ವಲ್ಪ "ಚೆಂದ" ಮಾಡಬಹುದೇ?

ಇಡೀ ಚಿತ್ರದ ಬೆಳಕನ್ನೋ ಕಾಂಟ್ರಾಸ್ಟನ್ನೋ ಒಂದೇ ಸಮನಾಗಿ ಏರಿಳಿಸಬಹುದು, ಅದರಿಂದ ಮಸುಕಾದ ಗುರುತುಗಳು ಮಾಯವಾಗಬಾರದು. ಒಂದು ಮೂಲೆಯನ್ನು ಮಾತ್ರ ತಿದ್ದುವುದು, ಬೇಡದ ಕಲೆಯನ್ನು ಒರೆಸುವುದು, ಒಂದು ಪಟ್ಟಿಯನ್ನು ನಕಲಿಸಿ ಪಕ್ಕದಲ್ಲಿ ಅಂಟಿಸುವುದು ಕೂಡದು. ಎರಡು ಜೆಲ್‌ಗಳ (ಪ್ರೋಟೀನ್, ಡಿಎನ್‌ಎಗಳನ್ನು ಪಟ್ಟಿಗಳಾಗಿ ಬಿಡಿಸಿ ತೋರಿಸುವ ಚಿತ್ರಗಳ) ತುಂಡು ಜೋಡಿಸಿದ್ದರೆ ನಡುವೆ ಗೆರೆ ಎಳೆದು, ಅಡಿಬರಹದಲ್ಲಿ ಹೇಳಿ. ಮೂಲ ಫೈಲ್‌ಗಳನ್ನು ಅಳಿಸಬೇಡಿ.

ಎಲಿಜಬೆತ್ ಬಿಕ್ ಮತ್ತು ಸಂಗಡಿಗರು 20,621 ಜೀವವೈದ್ಯಕೀಯ ಪೇಪರ್‌ಗಳ ಚಿತ್ರಗಳನ್ನು ಕಣ್ಣಿನಿಂದಲೇ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 3.8ರಷ್ಟು ಪೇಪರ್‌ಗಳಲ್ಲಿ ಒಂದೇ ಚಿತ್ರ ಮತ್ತೆ ಬಳಕೆಯಾಗಿತ್ತು, ಅವುಗಳಲ್ಲಿ ಕನಿಷ್ಠ ಅರ್ಧದಷ್ಟು ಬೇಕೆಂದೇ ಮಾಡಿದಂತೆ ಕಾಣುತ್ತಿದ್ದವು. ಉಳಿದವು ಅಜಾಗರೂಕತೆ ಇರಬಹುದು, ಒಂದೇ ಫೋಲ್ಡರ್‌ನಲ್ಲಿ "ಫೈನಲ್", "ಫೈನಲ್2", "ಫೈನಲ್ ಹೊಸದು" ಎಂದು ಫೈಲ್ ಇಟ್ಟರೆ ಹಾಗೆಯೇ ಆಗುವುದು.

ಅಂಕಿಗಳಲ್ಲೂ ಬೆರಳಚ್ಚು ಉಳಿಯುತ್ತದೆ. ಬೆಲ್ ಲ್ಯಾಬ್ಸ್‌ನ ಯಾನ್ ಹೆಂಡ್ರಿಕ್ ಶೋನ್, ನೇಚರ್ ಮತ್ತು ಸೈನ್ಸ್ ಎಂಬ ಹೆಸರಾಂತ ಜರ್ನಲ್‌ಗಳೆರಡರಲ್ಲೂ ಸಾಲುಸಾಲಾಗಿ ಪೇಪರ್ ಪ್ರಕಟಿಸುತ್ತಿದ್ದ ವಿಜ್ಞಾನಿ. ಬೇರೆಬೇರೆ ಉಷ್ಣಾಂಶದಲ್ಲಿ ಮಾಡಿದೆನೆಂದ ಎರಡು ಪ್ರಯೋಗಗಳ ನಕ್ಷೆಗಳನ್ನು ಇತರ ವಿಜ್ಞಾನಿಗಳು ಪಕ್ಕಪಕ್ಕ ಇಟ್ಟು ನೋಡಿದರು. ಮುಖ್ಯ ಗೆರೆ ಹೋಲುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಗೆರೆಯ ಮೇಲಿನ ಸಣ್ಣಸಣ್ಣ ನಡುಕ, ಅಳತೆಯಲ್ಲಿ ತಾನಾಗಿ ನುಸುಳುವ ಗದ್ದಲ, ಅದೂ ಒಂದೇ ಆಗಿತ್ತು. ಪ್ರತಿ ಸಲ ಬೇರೆಯಾಗಲೇಬೇಕಾದ್ದು ಅದು. ತನಿಖಾ ಸಮಿತಿ 2002ರ ಸೆಪ್ಟೆಂಬರ್‌ನಲ್ಲಿ ವರದಿ ಕೊಟ್ಟಿತು, ಅವರ ಕೆಲಸ ಹೋಯಿತು. ತನಿಖೆಯಲ್ಲಿ ಅವರು ಮೂಲ ಡೇಟಾ ಫೈಲ್‌ಗಳನ್ನು ತೋರಿಸಲಾಗಲಿಲ್ಲ, ಅಳಿಸಿದ್ದೇನೆ ಎಂದಿದ್ದರು.

ಲೆಕ್ಕಕ್ಕೆ ಒಗ್ಗದ ಒಂದೆರಡು ಅಂಕಿಗಳನ್ನು ಬಿಟ್ಟರೆ?

ಕಾರಣವಿದ್ದು ಬಿಟ್ಟರೆ, ಬಿಟ್ಟದ್ದನ್ನು ಬರೆದರೆ ಸರಿ. "ಸಂವೇದಕ ಕೆಟ್ಟಿದ್ದರಿಂದ ಮೂರು ದಾಖಲೆಗಳನ್ನು ಕೈಬಿಡಲಾಗಿದೆ" ಎಂಬ ಒಂದು ಸಾಲು ಸಾಕು. ಫಲಿತಾಂಶ ಬೇಕಾದಂತೆ ಬರುವವರೆಗೆ ಹತ್ತಾರು ವಿಶ್ಲೇಷಣೆ ಮಾಡಿ, ಗೆದ್ದದ್ದನ್ನು ಮಾತ್ರ ತೋರಿಸುವುದು ಸುಳ್ಳು ಹೇಳದೆಯೇ ಮೋಸ ಮಾಡುವ ದಾರಿ. ಇದಕ್ಕೆ ಲಗಾಮು ಹಾಕಲೆಂದೇ, ಮನುಷ್ಯರ ಮೇಲಿನ ಔಷಧ ಪ್ರಯೋಗಗಳು ಮೊದಲ ರೋಗಿ ಸೇರುವ ಮುಂಚೆಯೇ ಸಾರ್ವಜನಿಕವಾಗಿ ನೋಂದಣಿಯಾಗಬೇಕೆಂದು ಐಸಿಎಂಜೆಇ 2005ರಿಂದ ಕಡ್ಡಾಯ ಮಾಡಿತು. ಏನನ್ನು ಅಳೆಯುತ್ತೇವೆಂದು ಮೊದಲೇ ಬರೆದಿಟ್ಟರೆ ಆಮೇಲೆ ಗುರಿ ಬದಲಿಸುವುದು ಕಷ್ಟ.

ಮನುಷ್ಯರು, ಪ್ರಾಣಿಗಳ ಮೇಲಿನ ಅಧ್ಯಯನಕ್ಕೆ ನೈತಿಕ ಸಮಿತಿಯ ಅನುಮತಿ ಪೇಪರ್ ಬರೆಯುವಾಗ ತೆಗೆದುಕೊಂಡರೆ ಸಾಲದೇ?

ಸಾಲದು. ಅನುಮತಿ ಕೆಲಸಕ್ಕೆ ಮುಂಚೆ ಬೇಕು, ದಿನಾಂಕವನ್ನು ಜರ್ನಲ್ ನೋಡುತ್ತದೆ. ಮನುಷ್ಯರ ಮೇಲಿನ ಸಂಶೋಧನೆಯ ನೀತಿ ಹೇಳುವ 1964ರ ಹೆಲ್ಸಿಂಕಿ ಘೋಷಣೆಗೆ 1975ರಲ್ಲಿ ಆದ ತಿದ್ದುಪಡಿಯಿಂದ ಇದು ವೈದ್ಯಕೀಯದ ಬುನಾದಿ ನಿಯಮ. ಪ್ರಶ್ನಾವಳಿ ಹಂಚುವ ಸಮೀಕ್ಷೆಗೂ ಅನುಮತಿ ಅಥವಾ ವಿನಾಯಿತಿ ಪತ್ರ ಕೇಳುವ ಜರ್ನಲ್‌ಗಳಿವೆ. ರೋಗಿಯ ಫೋಟೋ ಇದ್ದರೆ ಪ್ರಕಟಣೆಗೇ ಪ್ರತ್ಯೇಕ ಒಪ್ಪಿಗೆ ಬೇಕು. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಗುರುತು ಮುಚ್ಚಿತು ಎನ್ನುವ ಕಾಲ ಹೋಯಿತು.

ಹಿತಾಸಕ್ತಿ ಸಂಘರ್ಷ ಘೋಷಿಸಿದರೆ ಪೇಪರ್ ತಿರಸ್ಕಾರವಾಗುವುದಿಲ್ಲವೇ?

ಅದೊಂದೇ ಕಾರಣಕ್ಕೆ ಸಾಮಾನ್ಯವಾಗಿ ಆಗುವುದಿಲ್ಲ. ಔಷಧ ಕಂಪನಿಯ ಹಣದಿಂದ ಒಳ್ಳೆಯ ಸಂಶೋಧನೆ ನಡೆಯುತ್ತದೆ. ಓದುವವರಿಗೆ ಅದು ಗೊತ್ತಿರಬೇಕು, ಅಷ್ಟೇ. ಷೇರು, ಸಲಹಾ ಶುಲ್ಕ, ಪೇಟೆಂಟ್, ಪ್ರವಾಸದ ಖರ್ಚು, ಹತ್ತಿರದ ಸಂಬಂಧಿಯ ಉದ್ಯೋಗ ಎಲ್ಲವನ್ನೂ ಬರೆಯಿರಿ. ಬರೆಯಬೇಕೋ ಬೇಡವೋ ಎಂಬ ಅನುಮಾನ ಬಂದರೆ ಬರೆದುಬಿಡಿ.

ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಆಂಡ್ರ್ಯೂ ವೇಕ್‌ಫೀಲ್ಡ್ ಪ್ರಕರಣಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1998ರಲ್ಲಿ ದಿ ಲ್ಯಾನ್ಸೆಟ್‌ನಲ್ಲಿ ಬಂದ ಅವರ ಪೇಪರ್ ಹನ್ನೆರಡೇ ಮಕ್ಕಳನ್ನು ಆಧರಿಸಿ ದಡಾರದಂಥ ರೋಗ ತಡೆಯಲು ಮಕ್ಕಳಿಗೆ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಅನುಮಾನ ಹುಟ್ಟಿಸಿತು. ಲಸಿಕೆ ತಯಾರಕರ ವಿರುದ್ಧ ಮೊಕದ್ದಮೆ ಹೂಡಲು ಸಿದ್ಧವಾಗುತ್ತಿದ್ದ ವಕೀಲರಿಂದ ಅವರಿಗೆ ಹಣ ಸಂದಿತ್ತು ಎಂಬುದು ಆ ಪೇಪರ್‌ನಲ್ಲಿ ಎಲ್ಲೂ ಇರಲಿಲ್ಲ. ಪತ್ರಕರ್ತ ಬ್ರಯಾನ್ ಡಿಯರ್ ಅದನ್ನು 2004ರಲ್ಲಿ ಬಯಲಿಗೆಳೆದರು, ಹತ್ತು ಸಹಲೇಖಕರು ಆ ತೀರ್ಮಾನದಿಂದ ಹಿಂದೆ ಸರಿದರು. ಪೇಪರ್ ಪೂರ್ತಿ ಹಿಂಪಡೆದದ್ದು 2010ರ ಫೆಬ್ರುವರಿಯಲ್ಲಿ, ಹನ್ನೆರಡು ವರ್ಷಗಳ ನಂತರ. ಅಷ್ಟರಲ್ಲಿ ಆ ಭಯ ಊರೂರು ಸುತ್ತಿಯಾಗಿತ್ತು. ಮೊದಲ ದಿನವೇ ಆ ಒಂದು ಸಾಲು ಅಚ್ಚಾಗಿದ್ದರೆ ಓದಿದವರು ಬೇರೆ ಕಣ್ಣಿನಿಂದ ಓದುತ್ತಿದ್ದರು.

ಪೇಪರ್ ರಿವ್ಯೂ ಮಾಡಲು ಕರೆ ಬಂದಿದೆ. ಏನನ್ನು ಗಮನಿಸಬೇಕು?

ಮೊದಲು ಲೇಖಕರು ಯಾರೆಂದು ನೋಡಿ, ನಿಮ್ಮ ಮಾಜಿ ವಿದ್ಯಾರ್ಥಿಯೋ, ಸಹಲೇಖಕರೋ, ಅದೇ ಕೆಲಸದಲ್ಲಿ ಓಟ ಹಚ್ಚಿರುವ ಪ್ರತಿಸ್ಪರ್ಧಿಯೋ ಆಗಿದ್ದರೆ ಸಂಪಾದಕರಿಗೆ ತಿಳಿಸಿ. ಅವರು "ಪರವಾಗಿಲ್ಲ, ಮಾಡಿ" ಎನ್ನಲೂಬಹುದು. ಹಸ್ತಪ್ರತಿ ಗುಟ್ಟಿನದು. ಸಹೋದ್ಯೋಗಿಗೆ ತೋರಿಸಬೇಕಿದ್ದರೂ ಕೇಳಬೇಕು. ವಿದ್ಯಾರ್ಥಿಯಿಂದ ರಿವ್ಯೂ ಬರೆಸಿ ತಮ್ಮ ಹೆಸರಲ್ಲಿ ಕಳಿಸುವ ಹಿರಿಯರು ಎಲ್ಲೆಡೆ ಇದ್ದಾರೆ. ಆ ವಿದ್ಯಾರ್ಥಿಯ ಹೆಸರನ್ನು ಸಂಪಾದಕರಿಗೆ ಹೇಳಿ, ಕೀರ್ತಿಯಲ್ಲಿ ಅವರಿಗೂ ಪಾಲಿರಲಿ. ಆಗದಿದ್ದರೆ ಎರಡು ದಿನದಲ್ಲಿ ಆಗುವುದಿಲ್ಲ ಎನ್ನಿ. ಎರಡು ತಿಂಗಳು ಸುಮ್ಮನಿದ್ದು ಕೈಯೆತ್ತುವುದು ಯಾವ ನೀತಿಸಂಹಿತೆಯಲ್ಲೂ ದೊಡ್ಡ ಅಪರಾಧವಲ್ಲ, ಆದರೆ ಕಾಯುವವರಿಗೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ರಿವ್ಯೂವರ್ ತಮ್ಮದೇ ಆರು ಪೇಪರ್‌ಗಳನ್ನು ಉಲ್ಲೇಖಿಸಿ ಎಂದಿದ್ದಾರೆ. ಮಾಡದಿದ್ದರೆ ತಿರಸ್ಕರಿಸುತ್ತಾರೆಯೇ?

ಸಂಬಂಧವಿರುವುದನ್ನು ಸೇರಿಸಿ, ಉಳಿದವು ಏಕೆ ಬೇಡವೆಂದು ಉತ್ತರಪತ್ರದಲ್ಲಿ ಒಂದೊಂದು ಸಾಲಿನಲ್ಲಿ ಬರೆಯಿರಿ. ಸಂಪಾದಕರಿಗೆ ಪ್ರತ್ಯೇಕವಾಗಿಯೂ ತಿಳಿಸಿ, ಇದು ಅವರಿಗೆ ಬೇಕಾದ ಮಾಹಿತಿ. ಒತ್ತಾಯ ಸಂಪಾದಕರಿಂದಲೇ ಬಂದು "ನಮ್ಮ ಜರ್ನಲ್‌ನ ಇತ್ತೀಚಿನ ಪೇಪರ್‌ಗಳನ್ನು ಉಲ್ಲೇಖಿಸಿ" ಎಂದಿದ್ದರೆ ಅವರ ಕಣ್ಣು ಇಂಪ್ಯಾಕ್ಟ್ ಫ್ಯಾಕ್ಟರ್ ಮೇಲಿದೆ, ಅಂದರೆ ಜರ್ನಲ್‌ನ ಪೇಪರ್‌ಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬರುತ್ತದೆ ಎಂಬ ಅಂಕಿಯ ಮೇಲೆ. ಆಗ ಪ್ರಕಾಶಕರಿಗೋ ಕೋಪ್‌ಗೋ ಬರೆಯಬಹುದು.

ರಿವ್ಯೂವರ್‌ಗಳ ಹೆಸರನ್ನು ನಾವೇ ಸೂಚಿಸಬಹುದೇ?

ಜರ್ನಲ್ ಕೇಳಿದರೆ ಸೂಚಿಸಬಹುದು, ಸಂಸ್ಥೆಯ ಅಧಿಕೃತ ಇಮೇಲ್ ಕೊಡಿ. ನಿಜವಾದ ತಜ್ಞರ ಹೆಸರಿಗೆ ತಾನೇ ಸೃಷ್ಟಿಸಿದ ಇಮೇಲ್ ಅಂಟಿಸಿ, ತನ್ನ ಪೇಪರನ್ನು ತಾನೇ ರಿವ್ಯೂ ಮಾಡಿಕೊಂಡ ಪ್ರಕರಣಗಳು ನಡೆದಿವೆ. 2014ರಲ್ಲಿ ಜರ್ನಲ್ ಆಫ್ ವೈಬ್ರೇಶನ್ ಅಂಡ್ ಕಂಟ್ರೋಲ್ ಇಂಥದೇ ಕಾರಣಕ್ಕೆ 60 ಪೇಪರ್‌ಗಳನ್ನು ಒಟ್ಟಿಗೆ ಹಿಂಪಡೆಯಿತು. ಇಂಥವುಗಳಲ್ಲಿ ಅನುಮಾನ ಹುಟ್ಟಿಸುವುದು ಕೆಲವೊಮ್ಮೆ ವೇಗವೇ. ನಿಜವಾದ ರಿವ್ಯೂವರ್ ಯಾರೂ ಒಂದೇ ದಿನದಲ್ಲಿ ಹೊಗಳಿ ಕಳಿಸುವುದಿಲ್ಲ!

ಸಂಪಾದಕರು ತಮ್ಮ ಜರ್ನಲ್‌ನಲ್ಲೇ ತಮ್ಮ ಪೇಪರ್ ಪ್ರಕಟಿಸಬಹುದೇ?

ಬಹುದು, ಆದರೆ ಆ ಪೇಪರ್ ಯಾರಿಗೆ ಹೋಯಿತು, ಯಾರು ನಿರ್ಧರಿಸಿದರು ಎಂಬುದು ಅವರಿಗೆ ಕಾಣದ ಏರ್ಪಾಡಿರಬೇಕು. ಅದನ್ನು ಪೇಪರ್‌ನಲ್ಲೇ ಬರೆಯುವುದು ಒಳ್ಳೆಯ ರೂಢಿ. ಸಂಚಿಕೆಗೊಂದರಂತೆ ಸಂಪಾದಕರದೇ ಪೇಪರ್ ಬರುತ್ತಿದ್ದರೆ ಆ ಜರ್ನಲ್‌ನಿಂದ ದೂರವಿರಿ.

ಚಾಟ್‌ಜಿಪಿಟಿಯಂಥ ಕೃತಕ ಬುದ್ಧಿಮತ್ತೆಯ ಸಹಾಯ ಪಡೆದರೆ?

ಲೇಖಕರ ಪಟ್ಟಿಯಲ್ಲಿ ಅದರ ಹೆಸರು ಹಾಕುವಂತಿಲ್ಲ. ನೇಚರ್, ಸೈನ್ಸ್ ಎರಡೂ 2023ರ ಜನವರಿಯಲ್ಲೇ ಹೇಳಿದವು, ಕೋಪ್ ಕೂಡ ಅದೇ ನಿಲುವು ತಳೆಯಿತು. ಕಾರಣ ಮತ್ತೆ ಆ ನಾಲ್ಕನೇ ಷರತ್ತು: ನಾಳೆ ಪ್ರಶ್ನೆ ಬಂದರೆ ಉತ್ತರ ಹೇಳುವ ಹೊಣೆ ಅದಕ್ಕಿಲ್ಲ.

ಬಳಸಬಹುದೇ ಎಂದರೆ, ಬಹುಪಾಲು ಕಡೆ ಬಹುದು. ಯಾವ ಸಾಧನ, ಯಾವ ಕೆಲಸಕ್ಕೆ ಎಂದು ಬರೆಯಬೇಕು. ವ್ಯಾಕರಣ ತಿದ್ದಿಸುವುದಕ್ಕೆ ಕೆಲವು ಜರ್ನಲ್‌ಗಳು ಘೋಷಣೆ ಕೇಳುವುದೂ ಇಲ್ಲ. ಇಂಗ್ಲಿಷ್ ತಾಯ್ನುಡಿಯಲ್ಲದ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ, ಅದನ್ನು ಪಾಪವೆಂಬಂತೆ ನೋಡುವವರ ಜೊತೆ ನನಗೆ ಸಹಮತವಿಲ್ಲ. ಆದರೆ ಅದು ಕೊಟ್ಟ ಉಲ್ಲೇಖಗಳನ್ನು ಒಂದೊಂದಾಗಿ ತೆರೆದು ನೋಡಿ. ಇಲ್ಲದ ಪೇಪರ್‌ಗೆ ಇರುವ ಲೇಖಕರ ಹೆಸರು, ನಂಬುವಂಥ ಶೀರ್ಷಿಕೆ, ಪುಟಸಂಖ್ಯೆ ಎಲ್ಲ ಜೋಡಿಸಿ ಕೊಡುವುದರಲ್ಲಿ ಅದು ನಿಸ್ಸೀಮ. ಕಾಲ್ಪನಿಕ ಉಲ್ಲೇಖ ಸಿಕ್ಕಿಬಿದ್ದರೆ "ಯಂತ್ರ ಕೊಟ್ಟಿತು" ಎಂಬ ಸಮಜಾಯಿಷಿ ನಡೆಯುವುದಿಲ್ಲ.

2024ರ ಫೆಬ್ರುವರಿಯಲ್ಲಿ ಫ್ರಾಂಟಿಯರ್ಸ್ ಸಮೂಹದ ಜರ್ನಲ್ ಒಂದರಲ್ಲಿ ಯಂತ್ರ ಬರೆದ ಇಲಿಯ ಚಿತ್ರವೊಂದು ಅಚ್ಚಾಯಿತು. ಅಂಗರಚನೆ ಅಸಂಬದ್ಧ, ಹೆಸರುಪಟ್ಟಿಯ ಪದಗಳು ಯಾವ ಭಾಷೆಗೂ ಸೇರದವು. ಚಿತ್ರ ಯಂತ್ರದ್ದೆಂದು ಲೇಖಕರು ಪೇಪರ್‌ನಲ್ಲೇ ಹೇಳಿದ್ದರು. ಅಂದರೆ ಘೋಷಣೆ ಇತ್ತು, ನೋಡುವ ಕಣ್ಣು ಇರಲಿಲ್ಲ. ಕೆಲವೇ ದಿನಗಳಲ್ಲಿ ಹಿಂಪಡೆದರು.

ರಿವ್ಯೂ ಮಾಡುವವರು ಹಸ್ತಪ್ರತಿಯನ್ನು ಸಾರ್ವಜನಿಕ ಚಾಟ್‌ಬಾಟ್‌ಗೆ ಹಾಕಬಾರದು, ಗುಟ್ಟು ಅಲ್ಲೇ ಒಡೆದ ಹಾಗೆ. 2025ರಲ್ಲಿ ಇದರ ಇನ್ನೊಂದು ಮುಖವೂ ಬಯಲಾಯಿತು: ಕೆಲವು ಪ್ರಿಪ್ರಿಂಟ್‌ಗಳಲ್ಲಿ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ "ಒಳ್ಳೆಯ ವಿಮರ್ಶೆ ಮಾತ್ರ ಕೊಡು" ಎಂದು ಯಂತ್ರಕ್ಕೆ ಆದೇಶ ಅಡಗಿಸಿಟ್ಟಿದ್ದರು. ಕಳ್ಳತನದಲ್ಲಿ ಓದುವವರಿಗೆ ಕಳ್ಳತನದಲ್ಲೇ ಉತ್ತರ ಎಂದು ನಗಬಹುದು. ಆದರೂ ಅದು ವಂಚನೆಯೇ.

ಹಣ ಕೇಳುವ ಜರ್ನಲ್‌ಗಳೆಲ್ಲ ನಕಲಿಯೇ?

ಅಲ್ಲ. ಓದುಗರಿಗೆ ಉಚಿತವಾಗಿ ಸಿಗುವ ಎಷ್ಟೋ ಪ್ರತಿಷ್ಠಿತ ಜರ್ನಲ್‌ಗಳು ಲೇಖಕರಿಂದ ಶುಲ್ಕ ಪಡೆಯುತ್ತವೆ. ಆ ಶುಲ್ಕ ಅತಿಯಾಯಿತು ಎಂಬುದು ಬೇರೆ ಜಗಳ. ನಕಲಿ ಜರ್ನಲ್ ಹಣ ಪಡೆದು ರಿವ್ಯೂ ಮಾಡುವುದಿಲ್ಲ, ಮಾಡಿದೆನೆಂದು ಸುಳ್ಳು ಹೇಳುತ್ತದೆ.

2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ, ಕಲ್ಲುಹೂವಿನಿಂದ ತೆಗೆದ ಕ್ಯಾನ್ಸರ್ ಔಷಧದ ಬಗ್ಗೆ ಬೇಕೆಂದೇ ತಪ್ಪು ತುಂಬಿದ ಪೇಪರ್ ಹೆಣೆದು 304 ಮುಕ್ತ ಜರ್ನಲ್‌ಗಳಿಗೆ ಕಳಿಸಿದರು. 157 ಒಪ್ಪಿಕೊಂಡವು, 98 ತಿರಸ್ಕರಿಸಿದವು. ಚಂದಾ ಜರ್ನಲ್‌ಗಳಿಗೆ ಕಳಿಸಿ ಹೋಲಿಸಲಿಲ್ಲವೆಂಬ ಟೀಕೆ ಬಂತು, ಅದು ನ್ಯಾಯವಾದ ಟೀಕೆಯೇ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ದಾವೆಯಲ್ಲಿ ಒಮಿಕ್ಸ್ ಸಮೂಹದ ಮೇಲೆ 2019ರಲ್ಲಿ 5 ಕೋಟಿ ಡಾಲರ್‌ಗೂ ಹೆಚ್ಚಿನ ತೀರ್ಪು ಬಂತು. ರಿವ್ಯೂ ಬಗ್ಗೆ ದಾರಿ ತಪ್ಪಿಸಿದ್ದು, ಶುಲ್ಕ ಮುಚ್ಚಿಟ್ಟದ್ದು ಆರೋಪಗಳಲ್ಲಿ ಮುಖ್ಯ.

ಗುರುತಿಸುವುದು ಹೇಗೆ? ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಒಬ್ಬರಿಗೆ ಬರೆದು, ನೀವು ನಿಜವಾಗಿ ಇದ್ದೀರಾ ಎಂದು ಕೇಳಿ. ಇದರಷ್ಟು ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಹಳೆಯ ಸಂಚಿಕೆಯ ಎರಡು ಪೇಪರ್ ಓದಿ. ಶುಲ್ಕ ಎಷ್ಟೆಂದು ಮೊದಲೇ ಬರೆದಿದೆಯೇ ನೋಡಿ. "ಮಹನೀಯರೇ, ತಮ್ಮ ಅಮೂಲ್ಯ ಸಂಶೋಧನೆ" ಎಂದು ಶುರುವಾಗಿ "ನಾಲ್ಕು ದಿನದಲ್ಲಿ ಪ್ರಕಟಣೆ" ಎಂದು ಮುಗಿಯುವ ಮೇಲ್‌ಗೆ ಉತ್ತರಿಸಬೇಡಿ. ಡಿಒಎಜೆ ಎಂಬ ಮುಕ್ತ ಜರ್ನಲ್‌ಗಳ ಪಟ್ಟಿಯೂ, "ಥಿಂಕ್, ಚೆಕ್, ಸಬ್‌ಮಿಟ್" ಎಂಬ ಪ್ರಶ್ನಾವಳಿಯೂ ಉಚಿತವಾಗಿ ಸಿಗುತ್ತವೆ.

ಪೇಪರ್ ಮಿಲ್ ಎಂದರೇನು?

ಹಣ ಕೊಟ್ಟವರಿಗೆ ಸಿದ್ಧ ಪೇಪರ್ ಮಾರುವ, ಅಥವಾ ಒಪ್ಪಿಗೆಯಾದ ಪೇಪರ್‌ನಲ್ಲಿ ಲೇಖಕರ ಸ್ಥಾನ ಮಾರುವ ದಂಧೆ. 2023ರಲ್ಲಿ ಹಿಂದಾವಿ ಸಮೂಹವೊಂದೇ 8,000ಕ್ಕೂ ಹೆಚ್ಚು ಪೇಪರ್‌ಗಳನ್ನು ಹಿಂಪಡೆಯಬೇಕಾಯಿತು, ಹೆಚ್ಚಿನವು ಅತಿಥಿ ಸಂಪಾದಕರ ವಿಶೇಷ ಸಂಚಿಕೆಗಳ ಮೂಲಕ ನುಸುಳಿದ್ದವು. ಕೃತಿಚೌರ್ಯದ ಸಾಫ್ಟ್‌ವೇರ್ ತಪ್ಪಿಸಲು ಇವರು ಪದಗಳನ್ನು ಯಂತ್ರದಿಂದ ಬದಲಿಸುತ್ತಾರೆ. ಹಾಗೆ ಬ್ರೆಸ್ಟ್ ಕ್ಯಾನ್ಸರ್ ಹೋಗಿ "ಬೂಸಮ್ ಪೆರಿಲ್" (ಎದೆಯ ಗಂಡಾಂತರ) ಆದದ್ದನ್ನು ಗೀಯೋಮ್ ಕಬನಾಕ್ ಮತ್ತು ಸಂಗಡಿಗರು 2021ರಲ್ಲಿ ಪತ್ತೆಹಚ್ಚಿದರು. ಕೊಳ್ಳುವವರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಬಡ್ತಿಗೆ ಇಷ್ಟು ಪೇಪರ್ ಎಂದು ಎಣಿಸುವ ಸಂಸ್ಥೆಗಳೇ ಈ ಅಂಗಡಿಗೆ ಗಿರಾಕಿ ಕಳಿಸುತ್ತಿವೆ.

ತಿದ್ದುಪಡಿ, ಕಳವಳದ ಸೂಚನೆ, ಹಿಂಪಡೆಯುವಿಕೆ: ಇವುಗಳ ವ್ಯತ್ಯಾಸವೇನು?

ತಪ್ಪಿದೆ, ಆದರೆ ತೀರ್ಮಾನ ನಿಲ್ಲುತ್ತದೆ ಎಂದಾದರೆ ತಿದ್ದುಪಡಿ. ತನಿಖೆ ನಡೆಯುತ್ತಿದೆ, ಓದುಗರು ಎಚ್ಚರವಿರಲಿ ಎಂದಾದರೆ ಕಳವಳದ ಸೂಚನೆ. ತೀರ್ಮಾನವನ್ನೇ ನಂಬಲಾಗದು ಎಂದಾದರೆ ಹಿಂಪಡೆಯುವಿಕೆ. ಹಿಂಪಡೆದ ಪೇಪರನ್ನು ಸಾಮಾನ್ಯವಾಗಿ ಅಳಿಸುವುದಿಲ್ಲ, "ಹಿಂಪಡೆಯಲಾಗಿದೆ" ಎಂಬ ಗುರುತು ಹಾಕಿ ಅಲ್ಲೇ ಇಡುತ್ತಾರೆ, ಕಾರಣವನ್ನೂ ಪ್ರಕಟಿಸುತ್ತಾರೆ.

ಹಿಂಪಡೆದವರೆಲ್ಲ ಕಳ್ಳರಲ್ಲ. 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಫ್ರಾನ್ಸೆಸ್ ಆರ್ನಲ್ಡ್, ಸೈನ್ಸ್‌ನಲ್ಲಿ ಬಂದಿದ್ದ ತಮ್ಮ ಪೇಪರ್ ಒಂದನ್ನು 2020ರ ಜನವರಿಯಲ್ಲಿ ಹಿಂಪಡೆದರು. ಫಲಿತಾಂಶ ಮತ್ತೆ ಮಾಡಿದಾಗ ಬರಲಿಲ್ಲ, ಲ್ಯಾಬ್ ಪುಸ್ತಕದಲ್ಲಿ ದಾಖಲೆಗಳು ಸರಿಯಿರಲಿಲ್ಲ. ತಾವೇ ಟ್ವಿಟರ್‌ನಲ್ಲಿ ಪ್ರಕಟಿಸಿ ಕ್ಷಮೆ ಕೇಳಿದರು. ಅವರ ಗೌರವ ಕಡಿಮೆಯಾದದ್ದನ್ನು ನಾನಂತೂ ಕಾಣೆ.

ಹಿಂಪಡೆದ ಪೇಪರ್‌ಗಳನ್ನು ಗೊತ್ತಿಲ್ಲದೆ ಉಲ್ಲೇಖಿಸುವುದು ಈಗಲೂ ನಡೆಯುತ್ತದೆ. ಹಿಂಪಡೆದ ಪೇಪರ್‌ಗಳ ಲೆಕ್ಕ ಇಡುವ ರಿಟ್ರಾಕ್ಷನ್ ವಾಚ್‌ನ ದತ್ತಸಂಚಯವನ್ನು, ಪೇಪರ್‌ಗಳ ವಿವರಗಳನ್ನು ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆ 2023ರಲ್ಲಿ ಕೊಂಡು ಎಲ್ಲರಿಗೂ ತೆರೆದಿಟ್ಟಿದೆ. ಉಲ್ಲೇಖಗಳನ್ನು ಜೋಡಿಸಿಡುವ ಜೊಟೆರೊ ತಂತ್ರಾಂಶ ಬಳಸುವವರಿಗೆ ಎಚ್ಚರಿಕೆ ತಾನಾಗಿ ಬರುತ್ತದೆ.

ಪ್ರಕಟವಾದ ಪೇಪರ್‌ನಲ್ಲಿ ತಪ್ಪು ಕಂಡರೆ ಯಾರಿಗೆ ಹೇಳಬೇಕು?

ಜರ್ನಲ್‌ನ ಸಂಪಾದಕರಿಗೆ. ಸಣ್ಣ ವಿಷಯವಾದರೆ ಮೊದಲು ಲೇಖಕರನ್ನೇ ಕೇಳಬಹುದು. ಪತ್ರದಲ್ಲಿ ಉದ್ದೇಶದ ಬಗ್ಗೆ ಮಾತು ಬೇಡ. "ಇವರು ಮೋಸಗಾರರು" ಎಂದು ಬರೆದರೆ ಪತ್ರ ವಕೀಲರ ಮೇಜಿಗೆ ಹೋಗುತ್ತದೆ. "ಚಿತ್ರ 2ರ ಮೂರನೇ ಪಟ್ಟಿ, ಚಿತ್ರ 5ರ ಮೊದಲ ಪಟ್ಟಿ ಎರಡೂ ಒಂದೇ ಇದ್ದಂತಿವೆ" ಎಂದು ಬರೆದರೆ ಯಾರಾದರೂ ತೆರೆದು ನೋಡುತ್ತಾರೆ. ಹೆಸರು ಹೇಳದೆಯೂ ದೂರು ಕೊಡಬಹುದು, ಪುರಾವೆ ಗಟ್ಟಿಯಿದ್ದರೆ ಅದನ್ನೂ ಪರಿಗಣಿಸಬೇಕೆಂದು ಕೋಪ್ ಹೇಳುತ್ತದೆ. ಪ್ರಕಟವಾದ ಪೇಪರ್‌ಗಳ ಬಗ್ಗೆ ಬಹಿರಂಗವಾಗಿ ಚರ್ಚಿಸುವ ಪಬ್‌ಪಿಯರ್ ತಾಣದಲ್ಲೂ ಬರೆಯಬಹುದು. ತಾಳ್ಮೆ ಬೇಕು, ವರ್ಷಗಳೇ ಹಿಡಿಯುವುದುಂಟು.

ನನ್ನ ಪೇಪರ್ ಮೇಲೆಯೇ ದೂರು ಬಂದಿದೆ. ಏನು ಮಾಡಲಿ?

ಸಿಟ್ಟಿನಲ್ಲಿ ಅದೇ ದಿನ ಉತ್ತರಿಸಬೇಡಿ, ಸುಮ್ಮನೆಯೂ ಇರಬೇಡಿ. ಸಂಪಾದಕರ ಪತ್ರದಲ್ಲಿ ಗಡುವು ಇರುತ್ತದೆ, ಅದರೊಳಗೆ ಬರೆಯಿರಿ, ಸಮಯ ಬೇಕಿದ್ದರೆ ಕೇಳಿ. ಎಲ್ಲ ಸಹಲೇಖಕರಿಗೂ ಪತ್ರ ತೋರಿಸಿ. ಮೂಲ ಡೇಟಾ, ಲ್ಯಾಬ್ ಪುಸ್ತಕದ ಪುಟ, ಅನುಮತಿ ಪತ್ರ, ಹಳೆಯ ಮೇಲ್‌ಗಳನ್ನು ಒಂದೆಡೆ ಕೂಡಿಸಿ, ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸಿ. ತಪ್ಪು ನಿಜವಾಗಿದ್ದರೆ ತಿದ್ದುಪಡಿಯ ಕರಡನ್ನೂ ಜೊತೆಗೇ ಕಳಿಸಿ. ದೂರು ಕೊಟ್ಟವರು ಯಾರೆಂದು ಹುಡುಕುತ್ತಾ ಕೂರಬೇಡಿ. ಸಂಪಾದಕರ ನಿರ್ಧಾರ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಅವಕಾಶವಿದೆ, ಅದರ ವಿಧಾನ ಹೆಚ್ಚಿನ ಜರ್ನಲ್‌ಗಳ ತಾಣದಲ್ಲಿ ಲೇಖಕರ ಸೂಚನೆಗಳ ಪುಟದಲ್ಲೋ ದೂರುಗಳ ಪುಟದಲ್ಲೋ ಇರುತ್ತದೆ.